ಗೋಡೆಯ ಹೊಟ್ಟೆಯಲ್ಲಿ ತೂಗಿದ ತೊಟ್ಟಿಲು

ಕೃಷ್ಣೆಯ ದಂಡೆಯ ಹೊಳೆಸಾಲವೆಂಬ ಸಣ್ಣ ಊರಿನಲ್ಲಿ ಪೂಜ್ಯ ಅಡವಯ್ಯಜ್ಜನವರು ಗಾರೆ ಅರೆಯುವ ಗಾಣದ ಮಗ್ಗುಲಲ್ಲೇ ವಾಸವಾಗಿದ್ದರು. ಮಠವಿಲ್ಲ, ಗದ್ದುಗೆಯಿಲ್ಲ, ಹಾಸಲು ಒಂದು ಹರಕು ಗೋಣಿತಟ್ಟು. ಗಾಣದ ಎತ್ತುಗಳು ಅವರ ಮುಂದೆ ಬಂದಾಗಲೆಲ್ಲ ನಿಂತು ತಲೆಬಾಗಿಸಿಯೇ ಮುಂದೆ ಸಾಗುತ್ತಿದ್ದವೆಂದರೆ ಅವರ ಮಹಿಮೆಯನ್ನು ಬೇರೆ ಹೇಳಬೇಕೆ!

ಊರಿಗೆ ನೆರೆ ನುಗ್ಗದಂತೆ ಹೊಳೆಗುಂಟ ಕಲ್ಲಿನ ತಡೆಗೋಡೆ ಏಳುತ್ತಿದ್ದ ಕಾಲವದು. ಎರಡು ವರ್ಷ ಮುನ್ನೂರು ಆಳು ದುಡಿದು, ಆನೆಯ ಹಿಂಡು ಮೈ ತಿಕ್ಕಿದರೂ ಅಲುಗದಂಥ ಗೋಡೆ ಎಬ್ಬಿಸಿದ್ದರು. ಕೆಳಗಿನ ಓಣಿಯ ಎದುರು ಹನ್ನೆರಡು ಮೊಳ ಮಾತ್ರ ಬಾಕಿ. ಅದು ದುಂಡಪ್ಪ ಗೌಂಡಿಯ ಪಾಲಿನ ಕೆಲಸ. ತನ್ನಂಥ ಗೌಂಡಿ ಏಳು ತಾಲ್ಲೂಕಿನಲ್ಲಿ ಹುಟ್ಟಿಲ್ಲವೆಂದು ಅವನೇ ಸಾರುತ್ತಿದ್ದ. ಹುಟ್ಟಿರಲೂ ಇಲ್ಲ ಅನ್ನಿ. ಮಳೆ ಹತ್ತಿರ ಬಂತು, ಸರಕಾರದ ಸಾಹೇಬರು ಕೆಲಸ ನೋಡಲು ಬರುತ್ತಾರೆಂಬ ಸುದ್ದಿಯೂ ಬಂತು. ದುಂಡಪ್ಪ ಎರಡೂ ಮುಖಕ್ಕೆ ಚೆಂದದ ಕಲ್ಲು ಕೂರಿಸಿದ. ನಡುವಿನ ಹೊಟ್ಟೆಗೆ ಮಾತ್ರ, ಯಾರೂ ಇಲ್ಲದ ಹೊತ್ತು ನೋಡಿ, ಕಲ್ಲು ಗಾರೆಯ ಬದಲು ಬರೀ ಉಸುಕು ಸುರಿದು ಮೇಲೆ ಚಪ್ಪಡಿ ಮುಚ್ಚಿಬಿಟ್ಟ.

"ಹತ್ತು ದಿನದ ಕೆಲಸ ಮೂರು ದಿನಕ್ಕ ಹೊಡದೀನಿ. ಬರ್ರಿ ಯಾರ್ ಬರ್ತೀರಿ ನನ್ನ ಜೋಡಿ!" ಎಂದು ಮೀಸೆ ತಿರುವಿದ. ಆ ಗೋಡೆಯ ಹಿಂದಿನ ಮೊದಲ ಮನೆಯೇ ಅವನ ಮಗಳು ಕಾಶವ್ವನದು. ಒಳಗೆ ನಾಲ್ಕು ತಿಂಗಳ ಕೂಸು.

ನಡುಮಧ್ಯಾಹ್ನ. ಅಜ್ಜನವರು ಸಾವಕಾಶ ನಡೆದು ಬಂದು, ಕಾದ ಕಲ್ಲಿಗೆ ಕಿವಿಯಿಟ್ಟು ನಿಂತರು. ಉಳಿಗಳ ಸದ್ದು ತಾನಾಗಿಯೇ ನಿಂತಿತು. ಹೊಳೆಯ ಮೇಲಿನ ಕೊಕ್ಕರೆಗಳೂ ಕೂಗಲಿಲ್ಲ.

"ಇದರಾಗ ಮಂದಿ ಅದಾರಪ್ಪ" ಎಂದರು.

"ಓತಿಕ್ಯಾತ ಇರಬೇಕ್ರೀ ಅಜ್ಜಾರ, ಬಾಡಿಗಿಗೆ ಬಂದೈತಿ!" ಎಂದ ದುಂಡಪ್ಪ. ಕಲ್ಲು ಹೊರುವ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಅಜ್ಜನವರು ನಗಲಿಲ್ಲ. "ಕಿವಿ ಹಚ್ಚು" ಎಂದರು.

ನಗುತ್ತಲೇ ಹಚ್ಚಿದ. ಬೆಂಕಿಯಂಥ ಬಿಸಿಲಲ್ಲಿ ಕಲ್ಲು ಹೆಣದಂತೆ ತಣ್ಣಗಿತ್ತು. ಒಳಗೆ ತೊಟ್ಟಿಲು ಕಿರುಗುಟ್ಟುತ್ತಿತ್ತು. ಕೊಡಪಾನಗಳು ನೀರಲ್ಲಿ ತೇಲಿ ಒಂದಕ್ಕೊಂದು ಬಡಿಯುತ್ತಿದ್ದವು. ಆಮೇಲೆ ತೀರ ಹತ್ತಿರ, ಕಲ್ಲಿನ ಆ ಮಗ್ಗುಲಿಗೆ ಬಾಯಿಟ್ಟಂತೆ, ಕಾಶವ್ವನ ದನಿ: "ಅಪ್ಪಾ, ನೀರು ಹೊಸ್ತಿಲಾ ದಾಟಿತು."

ದುಂಡಪ್ಪ ಮಗಳ ಮನೆಗೆ ಓಡಿದ. ಹೊಸ್ತಿಲು ಒಣಗಿತ್ತು, ಕೂಸು ಮಲಗಿತ್ತು, ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. "ಯಾಕಪ್ಪಾ, ಹುಲಿ ಬೆನ್ನ ಹತ್ತೇತೇನು?" ಎಂದು ನಕ್ಕಳು. ಅವನು ಬಂದ ಕಾಲಲ್ಲೇ ಹಿಂದಿರುಗಿದ. ಅಷ್ಟರಲ್ಲಿ ಉಳಿದವರೆಲ್ಲ ಕಿವಿಯಿಟ್ಟು ನೋಡಿದ್ದರು. ಅವರಿಗೆ ಏನೂ ಕೇಳಿರಲಿಲ್ಲ, ಕಿವಿ ಸುಟ್ಟುಕೊಂಡದ್ದಷ್ಟೇ ಬಂತು.

"ಏನ್ ಮಾಡ್ಲಿ ಅಜ್ಜಾರ?"

"ಅವರ್ನ ಹೊರಗ ಬಿಡು."

ಬಾಯಿತುಂಬ ಬಡಾಯಿ ಇದ್ದವನು ಮುನ್ನೂರು ಆಳಿನೆದುರು ತಾನು ಮಾಡಿದ್ದನ್ನು ತಾನೇ ಹೇಳಿದ. ಹಾರೆ ಎತ್ತಿ ತನ್ನ ಗೋಡೆಯನ್ನು ತಾನೇ ಒಡೆದ. ಅವನು ತುಂಬಿದ್ದ ಒಣ ಉಸುಕು ಹಸಿಹಸಿಯಾಗಿ, ಕೆಸರು ನೀರು ಸುರಿಸುತ್ತ ಹೊರಬಿತ್ತು. ಮಳೆಯ ಒಂದು ಹನಿಯೂ ಇನ್ನೂ ಬಿದ್ದಿರಲಿಲ್ಲ. ಆ ನೀರು ಬಿಸಿಲಿಗೆ ಆರಲು ಎರಡು ದಿನ ಹಿಡಿಯಿತು. ಅಜ್ಜನವರು ಗಾರೆಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತರು. ಅದನ್ನು ಕಂಡು ಇಡೀ ಊರೇ ಕಲ್ಲು ಹೊತ್ತಿತು. ಹತ್ತು ದಿನ ಬೇಕಾದ ಕೆಲಸಕ್ಕೆ ಸರಿಯಾಗಿ ಹತ್ತೇ ದಿನ ಹಿಡಿಯಿತು.

ಗಾರೆ ಬಿಗಿದು ತಿಂಗಳಾಗುವುದರೊಳಗೆ ಹೊಳೆ ಬಂತು. ಬಂದದ್ದು ಹೊಳೆಯಲ್ಲ, ಸಮುದ್ರವೇ ದಾರಿ ತಪ್ಪಿ ಬಂದಿತ್ತು. ಬೇರುಸಹಿತ ತೇಲಿ ಬಂದ ಆಲದ ಮರಗಳು ಗೋಡೆಗೆ ಬಡಿದು ಕಡ್ಡಿಯಂತೆ ಮುರಿದವು. ಕೆಳಗಿನ ಓಣಿಯ ಮಂದಿಯೆಲ್ಲ ಗುಡ್ಡ ಹತ್ತಿದರು. ದುಂಡಪ್ಪನೊಬ್ಬ ಮೂರು ಹಗಲು ಆ ಹನ್ನೆರಡು ಮೊಳದ ಹಿಂದೆ ನಿಂತೇ ಇದ್ದ.

ನಾಲ್ಕನೆಯ ಬೆಳಗು ನೀರು ಇಳಿಯತೊಡಗಿದಾಗ ಬೆನ್ನ ಹಿಂದೆ ದನಿ ಕೇಳಿತು: "ಅಪ್ಪಾ."

ತಿರುಗಲು ಧೈರ್ಯ ಸಾಲಲಿಲ್ಲ. ಬೆಚ್ಚನೆಯ ಕೈಯೊಂದು ಭುಜ ಹಿಡಿಯಿತು. "ಎಷ್ಟು ಕರೀಲಿ? ಬಾ, ಗಂಜಿ ಆರತೈತಿ."

ಅವನು ಕಾಶವ್ವನ ಕಂಕುಳಿನ ಕೂಸನ್ನು ಎತ್ತಿಕೊಂಡು ಹೋಗಿ ಅಜ್ಜನವರ ಪಾದದ ಮೇಲಿಟ್ಟು, ಮಗುವಿನಂತೆ ಅತ್ತ. ಅಜ್ಜನವರು ಕೂಸಿನ ಹಣೆಗೆ ವಿಭೂತಿ ಹಚ್ಚಿದರು. ಅಂದಿನಿಂದ ದುಂಡಪ್ಪ ಎಲ್ಲಿ ಗೋಡೆ ಕಟ್ಟಿದರೂ, ಅದರ ಹಿಂದೆ ಬಾಳುವವರನ್ನು ಕರೆದು ಒಳಗನ್ನು ತೋರಿಸಿ, ಅವರು ಹ್ಞೂಂ ಅಂದ ಮೇಲೆಯೇ ಚಪ್ಪಡಿ ಮುಚ್ಚುತ್ತಿದ್ದನು.