ಹಿತ್ತಾಳೆ ಪಟ್ಟಿಯ ಕೋವಿ

ಕೊಡಗಿನ ಒಂದು ಊರಿನಲ್ಲಿ ಬೆಳ್ಯಪ್ಪ ಎಂಬವನಿದ್ದ. ಅವನು ಸುಳ್ಳು ಹೇಳುವುದಿಲ್ಲ ಎಂದು ಊರಲ್ಲೆಲ್ಲ ಹೆಸರು. ಆ ಹೆಸರು ಉಳಿಸಿಕೊಳ್ಳಲು ಅವನು ಒಂದು ಸುಲಭದ ದಾರಿ ಕಂಡುಕೊಂಡಿದ್ದ: ಹೇಳಲು ಕಷ್ಟವಾದದ್ದು ಬಂದರೆ ಸುಮ್ಮನಿದ್ದುಬಿಡುವುದು.

ಒಂದು ಬೇಸಿಗೆಯಲ್ಲಿ ಅವನ ಒಂಟಿ ನಳಿಗೆಯ ಕೋವಿಗೆ ಕೂದಲೆಳೆಯಂಥ ಬಿರುಕು ಬಿತ್ತು. ಕಮ್ಮಾರ ನೋಡಿ, "ಗೋಡೆಗೆ ಚೆಂದ, ಹೆಗಲಿಗೆ ಬೇಡ" ಎಂದ. ಬೆಳ್ಯಪ್ಪ ಬಿರುಕಿನ ಮೇಲೆ ಬೆಸುಗೆ ಹಾಕಿಸಿ, ಸುತ್ತ ಹಿತ್ತಾಳೆ ಪಟ್ಟಿ ಬಿಗಿಸಿದ. ಬಂದವರ ಕಣ್ಣಿಗೆ ಬಿರುಕು ಬೀಳದಿರಲಿ ಎಂದಷ್ಟೇ. ಮಾರುವ ಯೋಚನೆ ಆಗ ಅವನಿಗೆ ಇರಲೇ ಇಲ್ಲ. ಇಂಥ ಯೋಚನೆಗಳು ಗಿರಾಕಿ ಬಂದ ಮೇಲೆಯೇ ಹುಟ್ಟುವುದು.

ಮರುವರ್ಷ ಬಂದ ಗಿರಾಕಿ ಪಕ್ಕದ ಮನೆಯ ಮಂದಣ್ಣ. ಅವನ ಗದ್ದೆಗೆ ಕಾಡುಹಂದಿಗಳ ಕಾಟ. ಕೋವಿಯನ್ನು ಗೋಡೆಯಿಂದ ಇಳಿಸಿ, ತೂಗಿ ನೋಡಿ, ಹೆಗಲಿಗಿಟ್ಟು, "ನೆಟ್ಟಗೆ ಹೊಡೆಯುತ್ತಾ ಬೆಳ್ಯಪ್ಪಣ್ಣ?" ಎಂದು ಕೇಳಿದ.

"ಇದರಲ್ಲಿ ಗುರಿ ತಪ್ಪಿದ್ದು ನನಗೆ ನೆನಪಿಲ್ಲ," ಎಂದು ಬೆಳ್ಯಪ್ಪ ನಕ್ಕ.

ಅದು ನಿಜವೇ. ಮಂದಣ್ಣ ಹಾಲು ಕರೆಯುವ ಹಸುವೊಂದನ್ನು ಕೊಟ್ಟು ಕೋವಿ ಒಯ್ದ. ಅವನ ಹೆಂಡತಿ ಹಿತ್ತಾಳೆ ಪಟ್ಟಿಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಹೊಳೆಯಿಸಿದಳು.

ಮೊದಲ ಈಡಿಗೇ ನಳಿಗೆ ಸೀಳಿತು. ಮಂದಣ್ಣನ ಎಡಗೈ ಸುಟ್ಟಿತು. ಹೆಬ್ಬೆರಳು ಉಳಿದದ್ದೇ ಹೆಚ್ಚು.

ವ್ಯಾಜ್ಯ ತಕ್ಕರ ಜಗಲಿಗೆ ಬಂತು. ತಕ್ಕರೆಂದರೆ ಊರಿಗೆ ನ್ಯಾಯ ಹೇಳುವ ಹಿರಿಯರು.

"ಹಂದಿ ನನ್ನ ನೋಡಿ ನಗುತ್ತ ಹೋಯಿತು ತಕ್ಕರೇ," ಎಂದ ಮಂದಣ್ಣ, ಬಟ್ಟೆ ಸುತ್ತಿದ ಕೈಯೆತ್ತಿ. "ಅದಾದರೂ ನಗಲಿ. ಇವರು ಕೋವಿ ಕೊಡುವಾಗ ಯಾಕೆ ನಕ್ಕರು ಅಂತ ನನಗೆ ಈಗ ಗೊತ್ತಾಯಿತು."

ಬೆಳ್ಯಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಸು ಹೋದರೆ ಹೋಗಲಿ, ಹೆಸರು ಹೋದರೆ? "ಹಳೇ ಸಾಮಾನು ತಕ್ಕರೇ. ತಿರುಗಿಸಿ ನೋಡಿದ, ಒಪ್ಪಿದ, ಒಯ್ದ. ಗುರಿ ಕೇಳಿದ, ಹೇಳಿದೆ. ಬಿರುಕು ಉಂಟಾ ಅಂತ ಕೇಳಿದನಾ?"

"ನಿನಗೆ ಗೊತ್ತಿತ್ತಾ?"

ಬೆಳ್ಯಪ್ಪ ಸುಮ್ಮನಿದ್ದ.

ತಕ್ಕರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು, "ಹೋದ ಮಳೆಗಾಲ ನಿನಗೆ ಮೊಮ್ಮಗ ಹುಟ್ಟಿದನಲ್ಲ, ಈಡು ಹೊಡೆದೆಯಾ?"

ಆ ನಾಡಿನಲ್ಲಿ ಗಂಡು ಹುಟ್ಟಿದರೆ ಆಕಾಶಕ್ಕೊಂದು ಗುಂಡು ಹಾರಿಸುತ್ತಾರೆ. ಹೆಣ್ಣು ಹುಟ್ಟಿದರೆ ಗುಂಡು ಉಳಿತಾಯ.

"ಹೊಡೆದೆ ತಕ್ಕರೇ. ಊರಿಗೆಲ್ಲ ಕೇಳಿಸಿತ್ತು."

"ಯಾರ ಕೋವಿಯಲ್ಲಿ?"

ಬೆಳ್ಯಪ್ಪನಿಗೆ ಆ ದಿನ ನೆನಪಾಯಿತು. ಅಂದು ಸುರಿಯುವ ಮಳೆಯಲ್ಲಿ ಗದ್ದೆ ದಾಟಿ ಇದೇ ಜಗಲಿಗೆ ಓಡಿ ಬಂದು ತಕ್ಕರ ಕೋವಿ ಕೇಳಿ ಒಯ್ದಿದ್ದ. ತನ್ನದು ಗೋಡೆಯ ಮೇಲೆ ಹೊಳೆಯುತ್ತಲೇ ಇತ್ತು.

"ನಿನ್ನ ಹೆಗಲಿಗೆ ಬೇಡವಾದದ್ದು ಇವನ ಹೆಗಲಿಗೆ ಆಗುತ್ತದೆ ಅಂತ ಹೇಗೆ ತೀರ್ಮಾನ ಮಾಡಿದೆ ಮಾರಾಯ?" ಎಂದರು ತಕ್ಕರು. ದನಿ ಏರಲಿಲ್ಲ. ಏರಿದ್ದರೆ ಬೆಳ್ಯಪ್ಪನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

"ಗೊತ್ತಿತ್ತು," ಎಂದ ಅವನು ಕೊನೆಗೆ.

ಹಸು ಮಂದಣ್ಣನಿಗೆ, ಕೋವಿ ಬೆಳ್ಯಪ್ಪನಿಗೆ, ಕೈ ವಾಸಿಯಾಗುವವರೆಗೆ ಮಂದಣ್ಣನ ಗದ್ದೆ ಕೆಲಸ ಬೆಳ್ಯಪ್ಪನದು ಎಂದು ತೀರ್ಪಾಯಿತು. ಬೆಳ್ಯಪ್ಪ ಕೋವಿ ಎತ್ತಿಕೊಂಡು ಎದ್ದ. ಅಗ್ಗದಲ್ಲಿ ಪಾರಾದೆ ಅನ್ನಿಸಿತು. ಅದರ ಹಿಂದೆಯೇ, ಸೀಳನ್ನು ಬೆಸೆದು ಅಗಲದ ಪಟ್ಟಿ ಹಾಕಿಸಿದರೆ, ಗುರುತಿಲ್ಲದ ದೂರದ ಸಂತೆಯಲ್ಲಿ... ಎಂದೂ ಒಂದು ಕ್ಷಣ ಅನ್ನಿಸಿಹೋಯಿತು. ಮನಸ್ಸು ಅಷ್ಟು ಬೇಗ ಬುದ್ಧಿ ಕಲಿಯುವುದಿಲ್ಲ.

"ಅದನ್ನೇನು ಮಾಡುತ್ತೀಯ?" ತಕ್ಕರು ಕೇಳಿದರು.

"ಗೋಡೆಗೆ ತೂಗುಹಾಕುತ್ತೇನೆ."

"ಮೊದಲೂ ಅಲ್ಲೇ ಇತ್ತಲ್ಲ."

ಆಗ ಮಂದಣ್ಣ ಮೆಲ್ಲಗೆ ಹೇಳಿದ, "ಬೆಳ್ಯಪ್ಪಣ್ಣ, ನಾಳೆ ನೀವಿಲ್ಲದ ದಿನ ನಿಮ್ಮ ಮೊಮ್ಮಗನೇ ಅದನ್ನು ಇಳಿಸಿ ಹೆಗಲಿಗಿಟ್ಟರೆ? ಅವನೂ ಬಿರುಕಿನ ಬಗ್ಗೆ ಕೇಳುವುದಿಲ್ಲ. ಯಾರನ್ನು ಕೇಳುವುದು?"

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಸುಟ್ಟುಕೊಂಡವನು ಬೆಂಕಿ ತೋರಿಸಿದ ಹಾಗಿತ್ತು, ಅಷ್ಟೆ.

ಬೆಳ್ಯಪ್ಪ ಮನೆಯ ದಾರಿ ಹಿಡಿಯಲಿಲ್ಲ. ನೇರ ಕಮ್ಮಾರನ ಕುಲುಮೆಗೆ ಹೋಗಿ, ನಳಿಗೆಯನ್ನು ಬೆಂಕಿಗಿಟ್ಟು, ತಾನೇ ಸುತ್ತಿಗೆ ಹಿಡಿದು ಬಡಿದ. ಕೋವಿ ಬರಿಯ ಕಬ್ಬಿಣವಾಗುವವರೆಗೆ ಬಡಿದ. ನೋಡಲು ನಿಂತವರೊಬ್ಬರು, "ಯಾಕಪ್ಪ, ಒಳ್ಳೇ ಕೋವಿ ಹಾಳು ಮಾಡುತ್ತೀಯ?" ಎಂದರು.

"ಒಳ್ಳೇದಲ್ಲ. ಇದಕ್ಕೆ ಬಿರುಕಿತ್ತು, ನನಗೆ ಗೊತ್ತಿತ್ತು," ಎಂದ ಬೆಳ್ಯಪ್ಪ. ಯಾರೂ ಅವನನ್ನು ಬಿರುಕಿನ ಬಗ್ಗೆ ಕೇಳಿರಲಿಲ್ಲ.

ನೀತಿ: ಕೇಳಲಿಲ್ಲವೆಂದು ಬಚ್ಚಿಟ್ಟ ನಿಜವೂ ಸುಳ್ಳೇ. ಕೆಟ್ಟ ಸರಕನ್ನು ಹಿಂದಕ್ಕೆ ಪಡೆದರೆ ಜಗಳ ತೀರಬಹುದು. ಅದು ಇನ್ನೊಬ್ಬರ ಕೈ ಸೇರದಂತೆ ಮಾಡಿದಾಗಲೇ ನ್ಯಾಯ ತೀರುವುದು.