ಕಲಾಯಿ ಹೋದ ಕೊಪ್ಪರಿಗೆ

ಶಿಷ್ಯ ಕೇಳಿದ: "ಗುರುಗಳೇ, ವ್ಯಾಪಾರಿಗಳಿಗೆ ಬಾಯಿ ಇಲ್ಲವೇ? ಜನರ ಎದುರು ತಮ್ಮ ಪರವಾಗಿ ಮಾತನಾಡಲು ಸಂಬಳ ಕೊಟ್ಟು ಇನ್ನೊಬ್ಬನನ್ನು ಏಕೆ ಇಟ್ಟುಕೊಳ್ಳುತ್ತಾರೆ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ವ್ಯಾಪಾರಿ. ಊರಿನ ಹೆಸರು ಮರೆತಿದ್ದೇನೆ, ನೆನಪಿದ್ದರೂ ಹೇಳುತ್ತಿರಲಿಲ್ಲ. ಮದುವೆಯ ಅಡುಗೆಗೆ ತಾಮ್ರದ ಕೊಪ್ಪರಿಗೆಗಳನ್ನು ಬಾಡಿಗೆಗೆ ಕೊಡುವುದು ಅವನ ಕಸುಬು. ತಾಮ್ರಕ್ಕೆ ಹುಳಿ ತಗುಲಿದರೆ ವಿಷ. ಅದಕ್ಕಾಗಿ ವರ್ಷಕ್ಕೆರಡು ಸಲ ಒಳಗೆಲ್ಲ ತವರದ ಕಲಾಯಿ ಹಾಕಿಸುತ್ತಿದ್ದ.

ಒಂದು ಮದುವೆಯಲ್ಲಿ ಊಟ ಮಾಡಿದವರು ವಾಂತಿ ಮಾಡಿಕೊಂಡರು. ಒಬ್ಬರ ಮಗಳು ತೀರಿಹೋದಳು. ಈ ಕತೆ ಹೇಳುವಾಗ ಕೆಲವೊಮ್ಮೆ ಮೂವರನ್ನು ಸಾಯಿಸುತ್ತೇನೆ; ಇವತ್ತು ಒಬ್ಬಳು ಸಾಕು. ಕೆಟ್ಟದ್ದು ಪಾಯಸದ ಹಾಲು, ಕೊಪ್ಪರಿಗೆಯಲ್ಲ. ಆದರೆ ಊರವರು ಕೊಪ್ಪರಿಗೆಯನ್ನೇ ಬೈದರು.

ವ್ಯಾಪಾರಿಗೆ ಇದು ಅನ್ಯಾಯವೆನಿಸಿತು. ಮೂರನೆಯ ದಿನ ಕೊಪ್ಪರಿಗೆಯನ್ನು ಗಾಡಿಯಲ್ಲಿ ಹೇರಿಕೊಂಡು ಸತ್ತವಳ ಮನೆಯ ಅಂಗಳಕ್ಕೇ ಹೋದ.

"ಉಗುರಿನಿಂದ ಕೆರೆದು ನೋಡಿ ಸ್ವಾಮಿ. ಕಲಾಯಿ ಬೆಳ್ಳಿಯ ಹಾಗಿದೆ. ನಮ್ಮ ಪಾತ್ರೆಗೆ ಏನೂ ಆಗಿಲ್ಲ."

ಸತ್ತವಳ ತಂದೆ ತಲೆಯೆತ್ತಿ ಹೇಳಿದ: "ನಿಮ್ಮ ಪಾತ್ರೆಗೆ ಏನೂ ಆಗಲಿಲ್ಲವಲ್ಲ, ಸಂತೋಷ. ಹೋಗಿ ಬನ್ನಿ."

ಆ ಮಾತು ಗಾಡಿಗಿಂತ ಮೊದಲೇ ಊರು ಮುಟ್ಟಿತು. ಆಮೇಲೆ ಒಂದು ಸೌಟನ್ನು ಕೂಡ ಅವನಿಂದ ಯಾರೂ ಒಯ್ಯಲಿಲ್ಲ. ಕೊಪ್ಪರಿಗೆಗಳಲ್ಲಿ ಜೇಡ ಸಂಸಾರ ಹೂಡಿತು.

ಕಡೆಗೆ ಜನರ ಜೊತೆ ನಡೆದುಕೊಳ್ಳುವುದನ್ನೇ ಕಸುಬು ಮಾಡಿಕೊಂಡಿದ್ದ ಒಬ್ಬನನ್ನು ಕರೆಸಿದ.

"ನಾನು ಹೇಳಿದ್ದು ನಿಜ ತಾನೇ?"

"ನಿಜವೇ ಧಣಿ. ಆದರೆ ಅಲ್ಲಿ ಕೊಪ್ಪರಿಗೆಯ ಕ್ಷೇಮ ಕೇಳಿದವರು ಯಾರು?"

ವ್ಯಾಪಾರಿ ಅವನನ್ನು ಕೆಲಸಕ್ಕಿಟ್ಟುಕೊಂಡ. ಆ ಮನುಷ್ಯ ಸತ್ತವಳ ಮನೆಗೆ ಹೋದ. ಕೊಪ್ಪರಿಗೆಯ ಮಾತೆತ್ತಲಿಲ್ಲ. ಸೌದೆ ಸೀಳಿಕೊಟ್ಟ, ನೀರು ಸೇದಿಕೊಟ್ಟ. ಹೊರಡುವಾಗ, "ನಮ್ಮ ಯಜಮಾನರಿಗೆ ಅನ್ನ ಸೇರುತ್ತಿಲ್ಲ" ಎಂದಷ್ಟೇ ಹೇಳಿದ. ಅದು ಸುಳ್ಳು, ಯಜಮಾನ ಮೂರು ಹೊತ್ತೂ ಉಣ್ಣುತ್ತಿದ್ದ. ಆದರೆ ಊರು ಕರಗಿತು. ಬಾಡಿಗೆಯ ಗಾಡಿಗಳು ಮತ್ತೆ ಬಾಗಿಲಿಗೆ ಬಂದವು.

ಕಲಾಯಿಯವನೂ ಬಂದ. "ಇನ್ನೊಂದು ವರ್ಷ ತಡೆಯುತ್ತದೆ, ಹೋಗಯ್ಯಾ" ಎಂದ ವ್ಯಾಪಾರಿ. ಮರುವರ್ಷವೂ ಅದನ್ನೇ ಹೇಳಿದ. ತವರ ಸವೆದು ತಾಮ್ರ ಕೆಂಪಗೆ ಇಣುಕಿತು.

ಮತ್ತೊಂದು ಮದುವೆ. ಹುಳಿಸಾರು ಕೊಪ್ಪರಿಗೆಯಲ್ಲೇ ಬೆಳಗಿನಿಂದ ಸಂಜೆಯವರೆಗೆ ನಿಂತಿತು. ಇಬ್ಬರು ಮುದುಕರು ಸತ್ತರು. ಈ ಸಲ ತಪ್ಪು ಯಾರದೆಂದು ವ್ಯಾಪಾರಿಗೆ ಗೊತ್ತಿತ್ತು. ಅವನಿಗೆ ನಿಜವಾಗಿಯೂ ಅನ್ನ ಸೇರಲಿಲ್ಲ. ಆ ಮನುಷ್ಯ ಎರಡು ಮನೆಗೂ ಹೋಗಿ ಸೌದೆ ಸೀಳಿ ಬಂದ.

"ಏನೆಂದರು?"

"ನಿಮ್ಮ ಯಜಮಾನರಂಥ ಪುಣ್ಯಾತ್ಮನಿಗೆ ಎಂಥ ಕಷ್ಟ ಬಂತು ಎಂದರು."

ವ್ಯಾಪಾರಿ ಮತ್ತೆ ಮೂರು ಹೊತ್ತೂ ಉಣ್ಣತೊಡಗಿದ. ದಿನ ಕಳೆದಂತೆ ಆ ಮಾತನ್ನು ಅವನೂ ನಂಬಿದ.

ಅವನ ಒಬ್ಬಳೇ ಮಗಳಿಗೆ ಗಂಡು ಗೊತ್ತಾಯಿತು. ಹೆಂಡತಿ ಹೇಳಿದಳು: "ಪಾತ್ರೆ ಬೇರೆ ಊರಿಂದ ತರಿಸೋಣ ಕಣ್ರೀ. ನನಗ್ಯಾಕೋ ಧೈರ್ಯ ಇಲ್ಲ."

"ಊರೆಲ್ಲ ನಮ್ಮದನ್ನು ಹೊಗಳುವಾಗ ನಿನ್ನದೇನೇ ರಗಳೆ?"

ಬೆಳಗಿನಿಂದ ಉಪವಾಸವಿದ್ದ ಮದುಮಗಳು ಅದೇ ಕೊಪ್ಪರಿಗೆಯ ಹುಳಿಸಾರನ್ನು ಹಸಿದು ಉಂಡಳು. ಮೂರನೆಯ ದಿನ ತೀರಿಕೊಂಡಳು.

ಆ ಮನುಷ್ಯ ಬಂದ. ಹಿತ್ತಲಿಗೆ ಹೋಗಿ ಸೌದೆ ಸೀಳಿದ, ನೀರು ಸೇದಿದ. ಆಮೇಲೆ ವ್ಯಾಪಾರಿಯ ಪಕ್ಕದಲ್ಲಿ ಬಂದು ಕುಳಿತ. ಇವೆಲ್ಲ ತಾನೇ ಸಂಬಳ ಕೊಟ್ಟು ಮಾಡಿಸುವ ಕೆಲಸವೆಂದು ವ್ಯಾಪಾರಿಗೆ ಗೊತ್ತಿತ್ತು. ಆದರೂ ಎದೆಯ ಭಾರ ಒಂದಿಷ್ಟು ಇಳಿಯಿತು. ಅವನು ಆ ಮನುಷ್ಯನ ಹೆಗಲಿಗೆ ತಲೆಯಿಟ್ಟು ಅತ್ತ.

ಗುರುಗಳು ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡು ಕೇಳಿದ: "ಆಮೇಲಾದರೂ ಕಲಾಯಿ ಹಾಕಿಸಿದನೇ?"

"ಇಲ್ಲಪ್ಪಾ, ಆ ಮನುಷ್ಯನ ಸಂಬಳ ಹೆಚ್ಚಿಸಿದ."