ಅರವತ್ತೆರಡು ಅಡಿಯ ಮಾತು

ಪಂಪಿನ ತೂಕ ಆರೂವರೆ ಟನ್. ಬಾವಿಯ ಆಳ ಅರವತ್ತೆರಡು ಅಡಿ. ಗೋಡೆಗೆ ತಾಗದ ಹಾಗೆ ಇಳಿಸಿ ತಳದಲ್ಲಿ ಕೂರಿಸಿದರೆ ಮೂರು ಲಕ್ಷ ರೂಪಾಯಿ, ಜೊತೆಗೆ ಹೊಳೆಯುದ್ದಕ್ಕೂ ತೋಡಿರುವ ಇನ್ನೂ ಐದು ಬಾವಿಗಳ ಕೆಲಸ. ಪಂಪು ಕೆಟ್ಟರೆ ಅದರ ಬೆಲೆ ನಲವತ್ತೆರಡು ಲಕ್ಷ, ಇಳಿಸಿದವನ ತಲೆಯ ಮೇಲೆ.

ಈ ಕರಾರಿಗೆ ಸಹಿ ಹಾಕಿದವನು ಪಾಲಾಕ್ಷ. ಅವನ ಹತ್ತಿರ ಇದ್ದದ್ದು ಒಂದೇ ಕ್ರೇನ್, ಅದೂ ಸೆಕೆಂಡ್ ಹ್ಯಾಂಡ್. ಪೇಟೆಯ ದೊಡ್ಡ ಕಂಪನಿಯವರು ಎರಡು ಕ್ರೇನ್, ಎರಡು ದಿನ, ಏಳು ಲಕ್ಷ ಎಂದಿದ್ದರು. ಪಾಲಾಕ್ಷ ಒಂದು ಕ್ರೇನ್, ಅರ್ಧ ದಿನ ಎಂದ.

ತೊಡಕು ಒಂದೇ. ಬಾವಿ ಇರುವುದು ಪಂಪ್‌ಹೌಸಿನ ನಾಲ್ಕು ಗೋಡೆಗಳ ನಡುವೆ. ಸೂರು ಇನ್ನೂ ಹಾಕಿಲ್ಲ, ಆದ್ದರಿಂದ ಪಂಪನ್ನು ಮೇಲಿನಿಂದ ಒಳಗೆ ಬಿಡಬಹುದು. ಆದರೆ ಕ್ರೇನ್ ನಿಲ್ಲುವುದು ಗೋಡೆಯ ಹೊರಗೆ. ಡ್ರೈವರ್‌ಗೆ ಬಾವಿ ಕಾಣುವುದಿಲ್ಲ. ಬಾವಿಯ ಬಾಯಲ್ಲಿ ನಿಂತವನು ವಾಕಿಟಾಕಿಯಲ್ಲಿ ಏನು ಹೇಳುತ್ತಾನೋ ಅದೇ ಅವನ ಕಣ್ಣು.

ಪಾಲಾಕ್ಷ ಒಂದು ಜೊತೆ ವಾಕಿಟಾಕಿ ಸೆಟ್ ಕೊಂಡು, ಹೊಳೆ ದಾಟಿ, ಈರಾಚಾರಿಯ ಬಳಿಗೆ ಹೋದ.

ಈರಾಚಾರಿ ನಲವತ್ತು ವರ್ಷ ಅಣೆಕಟ್ಟುಗಳಲ್ಲಿ ಭಾರ ಎತ್ತಿಸಿದವರು. ಈಗ ಹಳೆಯ ಮಠದ ಪಕ್ಕ, ದಂಡೆಯ ಮೇಲಿನ ತಗಡಿನ ಮನೆಯಲ್ಲಿ ಒಬ್ಬರೇ ಇದ್ದರು. ಕ್ರೇನಿನ ಕೆಲಸದವರೆಲ್ಲ ಅವರನ್ನು ಗುರುಗಳು ಎಂದೇ ಕರೆಯುತ್ತಿದ್ದರು.

ಪಾಲಾಕ್ಷ ಕೆಲಸದ ವಿಷಯ ಹೇಳಿ, ಎಂಟು ದಿನ ಇದೆ, ಕಲಿಸಿ ಎಂದು ಕೇಳಿದ. ಅಂಗಡಿಯವನು ಹೇಳಿದ ಬೆಲೆಯಿಂದ ಎಷ್ಟು ಇಳಿಸಿ ಸೆಟ್ ತಂದೆ ಎಂಬುದನ್ನೂ ಹೇಳಿಕೊಂಡ.

ಗುರು ಸೆಟ್ಟನ್ನು ತಿರುಗಿಸಿ ನೋಡಿ, ಇದಕ್ಕೆ ಲೈಸೆನ್ಸ್ ಬೇಕಲ್ಲ, ಮಾಡಿಸಿದ್ದೀಯಾ ಎಂದರು. ಯಾರೂ ಕೇಳುವುದಿಲ್ಲ ಅಂತ ಅಂಗಡಿಯವನೇ ಹೇಳಿದ್ದಾನೆ ಎಂದ ಪಾಲಾಕ್ಷ.

"ಕೇಳುವ ದಿನ ಅಂಗಡಿಯವನು ನಿನ್ನ ಪಕ್ಕ ನಿಂತಿರುತ್ತಾನಾ?"

ಪಾಲಾಕ್ಷ ವಾಪಸ್ ಹೋದ. ಲೈಸೆನ್ಸ್ ಬೇಕಿಲ್ಲದ ಜಾತಿಯ ಸೆಟ್ಟುಗಳನ್ನು, ಕಾಗದಪತ್ರ ಸಮೇತ, ಹದಿನೆಂಟು ನೂರು ರೂಪಾಯಿ ಹೆಚ್ಚು ಕೊಟ್ಟು ತಂದ. ಒಂದು ದಿನ ಹೋಯಿತು.

ಬಂದವನೇ ಪೆಟ್ಟಿಗೆ ಬಿಚ್ಚಿ, ಸೆಟ್ ಆನ್ ಮಾಡಿ, ಮಾತಾಡುವ ಗುಂಡಿಗೆ ಬೆರಳು ಇಟ್ಟ. ಗುರು ಅದನ್ನು ಅವನ ಕೈಯಿಂದ ಕಿತ್ತುಕೊಂಡರು. ಆಂಟೆನಾ ಇನ್ನೂ ಪೆಟ್ಟಿಗೆಯಲ್ಲೇ ಇತ್ತು.

"ಒಳಗಿನ ಶಕ್ತಿ ಹೊರಗೆ ಹೋಗುವ ದಾರಿ ಅದು. ದಾರಿ ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೆ?"

"ಒಳಕ್ಕೇ ತಿರುಗುತ್ತೆ. ಸೆಟ್ ಸುಟ್ಟುಹೋಗುತ್ತೆ."

ಆಂಟೆನಾ ಬಿಗಿಯಾಗಿ ತಿರುಗಿಸಿಯಾಯಿತು. ಈಗ ಮಾತಾಡಬಹುದೇ ಎಂದರೆ, ಅದೂ ಇಲ್ಲ. ಹೊಸ ಬ್ಯಾಟರಿ, ಸೆಟ್ ಆಫ್ ಮಾಡಿ ಚಾರ್ಜಿಗೆ ಇಡು, ಹಸಿರು ದೀಪ ಬಂದಮೇಲೆ ಬಾ ಎಂದು ಕಳಿಸಿದರು.

ಮರುದಿನ ಪಾಲಾಕ್ಷ ಸ್ವಲ್ಪ ಬಿಸಿಯಾಗಿಯೇ ಬಂದ. ಎರಡು ದಿನ ಆಯಿತು, ಒಂದು ಮಾತೂ ಕಲಿಸಲಿಲ್ಲ ಎಂದ.

"ಎರಡು ಸೆಟ್ ಉಳಿಸಿದೆ," ಎಂದರು ಗುರು.

ಆ ದಿನ ಅವನನ್ನು ಆಚೆ ದಂಡೆಗೆ ಕಳಿಸಿ, ಅಲ್ಲಿಂದ ಮಾತಾಡು ಎಂದರು. ಪಾಲಾಕ್ಷ ಅರ್ಧ ಗಂಟೆ ಮಾತಾಡಿದ. ಹಲೋ ಎಂದ, ಗುರುಗಳೇ ಎಂದ, ಕೊನೆಗೆ ಸೆಟ್ ಮಾಡಿದವರ ವಂಶವನ್ನೆಲ್ಲ ಬೈದ. ಈಚೆಯಿಂದ ಒಂದು ಸದ್ದಿಲ್ಲ. ಗುರು ಕಲ್ಲಿನ ಮೇಲೆ ಕೂತು ಕಡಲೆ ತಿನ್ನುತ್ತಿರುವುದು ಅವನಿಗೆ ಕಾಣುತ್ತಿತ್ತು.

ತೆಪ್ಪದಲ್ಲಿ ಮರಳಿ ಬಂದವನು ಸೆಟ್ ಕೆಟ್ಟಿದೆ ಎಂದ. ಎರಡರಲ್ಲೂ ಚಾನೆಲ್ ಏಳೇ ಹಾಕಿದ್ದೇನೆ, ಬೇಕಾದರೆ ನೋಡಿ ಎಂದ.

ಗುರು ಎರಡನ್ನೂ ಪಕ್ಕ ಪಕ್ಕ ಹಿಡಿದು ತೋರಿಸಿದರು. ಚಾನೆಲ್ ಏಳು ಸರಿ. ಅದರೊಳಗಿನ ಕೋಡ್ ಒಂದರಲ್ಲಿ ಹನ್ನೆರಡು, ಇನ್ನೊಂದರಲ್ಲಿ ಹದಿನೈದು.

"ಮನೆ ಒಂದೇ. ಬೀಗದ ಕೈ ಬೇರೆ."

"ನಿಮಗೆ ಮೊದಲೇ ಗೊತ್ತಿತ್ತಾ?"

"ನಿನಗೆ ಕಾಣುವ ಹಾಗೇ ಇತ್ತಲ್ಲ."

ಪಾಲಾಕ್ಷ ನಕ್ಕುಬಿಟ್ಟ. ಅಂದಿನಿಂದ ಅವನು ನಿಜವಾಗಿ ಕಲಿಯಲು ತೊಡಗಿದ. ಸೆಟ್ಟನ್ನು ಆಂಟೆನಾ ಹಿಡಿದು ಎತ್ತಬಾರದು. ಆಂಟೆನಾ ನೆಟ್ಟಗಿರಬೇಕು, ಮುಖಕ್ಕೆ ಕಣ್ಣಿಗೆ ತಾಗಿಸಿಕೊಳ್ಳಬಾರದು. ಬಾಯಿಂದ ನಾಲ್ಕು ಬೆರಳು ದೂರ. ಗುಂಡಿ ಒತ್ತಿ, ಒಂದು ಉಸಿರು ತಡೆದು, ಆಮೇಲೆ ಮಾತು. ಹೇಳಿ ಮುಗಿಸಿದ ಮೇಲೆ ಬೆರಳು ತೆಗೆ, ಇಲ್ಲವಾದರೆ ಎದುರಿನವನು ಮಾತಾಡಲಾರ. ಕೆಲಸದ ಮಧ್ಯೆ ಹರಟೆ ಇಲ್ಲ.

ಐದನೇ ದಿನ ಗುರು ಒಂದು ಟವೆಲ್ ತೆಗೆದು ಅವನ ಕಣ್ಣಿಗೆ ಕಟ್ಟಿದರು. ಸೆಟ್ಟನ್ನು ಕಿವಿಯ ಹತ್ತಿರ ಹಿಡಿ, ನಾನು ಹೇಳಿದಂತೆ ನಡಿ ಎಂದರು.

"ನಡಿ… ನಡಿ… ಎಡಕ್ಕೆ… ನಡಿ… ನಡಿ…"

ಪಾಲಾಕ್ಷ ನಡೆದ. ಕಾಲಿಗೆ ಮರಳು ಸಿಕ್ಕಿತು. ಸೆಟ್ ಸುಮ್ಮನಾಯಿತು. ಅವನು ನಡೆಯುತ್ತಲೇ ಇದ್ದ. ಆರು ಹೆಜ್ಜೆ ಇಟ್ಟಮೇಲೆ ನೆಲವೇ ಸಿಗಲಿಲ್ಲ, ಸೊಂಟದ ತನಕ ಹೊಳೆಯಲ್ಲಿದ್ದ. ಅವನ ಪುಣ್ಯ, ಸೆಟ್ ಹಿಡಿದ ಕೈ ಮಾತ್ರ ನೀರಿನ ಮೇಲಿತ್ತು.

"ನಿಲ್ಲು ಅಂತ ನೀವು ಹೇಳಲೇ ಇಲ್ಲವಲ್ಲ ಗುರುಗಳೇ."

"ನಡಿ ಅಂತ ಹೇಳಿದೆನಾ?"

ಪಾಲಾಕ್ಷ ನೀರಿನಲ್ಲಿ ನಿಂತೇ ಯೋಚಿಸಿದ.

ಪಂಪು ಇಳಿಯುವಷ್ಟು ಹೊತ್ತೂ ನಿನ್ನ ದನಿ ಹೋಗುತ್ತಲೇ ಇರಬೇಕು ಎಂದರು ಗುರು. ಇಳಿಸು, ಇಳಿಸು, ಇಳಿಸು. ದನಿ ಇರುವಷ್ಟು ಹೊತ್ತು ಡ್ರೈವರ್‌ನ ಕೈ ಆಡಬೇಕು. ದನಿ ನಿಂತಿತೋ, ಕೈ ನಿಲ್ಲಬೇಕು. ಯಾಕೆ ನಿಂತಿತು ಎಂದು ಅವನು ಯೋಚಿಸಬಾರದು.

ಅರವತ್ತೆರಡು ಅಡಿಯೂ ಒಂದೇ ಮಾತು ಹೇಳುತ್ತಾ ಇದ್ದರೆ ಜನ ನಗುತ್ತಾರೆ, ಬಾಯಿ ಬೇರೆ ನೋಯುತ್ತದೆ ಎಂದ ಪಾಲಾಕ್ಷ.

"ನಗಲಿ. ನೋಯಲಿ."

ಡ್ರೈವರ್ ಜಬಿವುಲ್ಲಾನನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಹದಿನೆಂಟು ವರ್ಷ ಕ್ರೇನ್ ಓಡಿಸಿದವನು ಅವನು. ನಿಲ್ಲಿಸು ಎಂದರೆ ನಿಲ್ಲಿಸುತ್ತೇನೆ, ಇದೇನು ಭಜನೆ ಎಂದ.

ಗುರು ವಾದ ಮಾಡಲಿಲ್ಲ. ಕ್ರೇನಿನ ಕ್ಯಾಬಿನ್ ಹತ್ತಿ ಅವನ ಪಕ್ಕದಲ್ಲಿ ಕೂತರು. ಕೈಯಲ್ಲಿ ಒಂದು ಹುಣಸೆ ಬರಲು. ಕೊಕ್ಕೆಗೆ ನೀರು ತುಂಬಿದ ಡ್ರಮ್ ಕಟ್ಟಿಸಿ, ಪಾಲಾಕ್ಷನನ್ನು ಗೋಡೆಯ ಆಚೆ ನಿಲ್ಲಿಸಿದರು. ದನಿ ನಿಂತ ಮೇಲೂ ಜಬಿವುಲ್ಲಾನ ಕೈ ಆಡಿದರೆ, ಮುಂಗೈ ಮೇಲೆ ಒಂದು ಏಟು. ಜೋರಾಗಿಯೇನೂ ಅಲ್ಲ. ಮೊದಲ ದಿನ ಹನ್ನೊಂದು ಏಟು ಬಿದ್ದವು. ಮರುದಿನ ಮೂರು. ಏಳನೇ ದಿನದ ಸಂಜೆ ಒಂದೂ ಬೀಳಲಿಲ್ಲ.

"ನಮ್ಮ ಅಬ್ಬಾ ಕೂಡ ನನಗೆ ಇಷ್ಟು ಹೊಡೆದಿರಲಿಲ್ಲ ಗುರುಗಳೇ," ಎಂದ ಜಬಿವುಲ್ಲಾ, ಕೈ ಉಜ್ಜಿಕೊಳ್ಳುತ್ತ.

"ಅವರ ಹತ್ತಿರ ಕ್ರೇನ್ ಇರಲಿಲ್ಲ."

ಎಂಟನೇ ದಿನ ಬೆಳಗ್ಗೆ ದಂಡೆಯ ಮೇಲೆ ಎರಡು ಊರಿನ ಜನ ಸೇರಿದ್ದರು. ಪಂಪ್‌ಹೌಸ್ ಕಟ್ಟಿಸಿದ ಇಂಜಿನಿಯರ್ ಮೇಡಂ ಕೈಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದರು. ಪೇಟೆಯ ಕಂಪನಿಯ ಮನುಷ್ಯನೊಬ್ಬ ಕಾರಿನಲ್ಲೇ ಕೂತು ನೋಡುತ್ತಿದ್ದ. ತಾನು ಸುಮ್ಮನೆ ಈ ಕಡೆ ಬಂದೆ ಎಂದು ಹೇಳಿಕೊಂಡಿದ್ದ.

ಪಂಪನ್ನು ತಳದ ಬೋಲ್ಟುಗಳಿಗೆ ಹೊಂದಿಸಲು ಫಿಟ್ಟರ್ ರುದ್ರಮುನಿ ಬಾವಿಗೆ ಇಳಿಯಬೇಕಿತ್ತು. ತಳದಲ್ಲಿ, ಬಾವಿಯ ಗೋಡೆಯೊಳಗೆ ಮನುಷ್ಯ ನಿಲ್ಲುವಷ್ಟು ಒಂದು ಗೂಡು ಇತ್ತು. ಪಂಪು ಕೈಗೆಟುಕುವಷ್ಟು ಹತ್ತಿರ ಬರುವ ತನಕ ಅವನು ಗೂಡು ಬಿಡಬಾರದು. ಪಂಪಿಗೆ ಕಟ್ಟಿದ ಹಗ್ಗದ ತುದಿ ಹಿಡಿದು, ಅದು ತಿರುಗದಂತೆ ನೋಡಿಕೊಂಡರೆ ಸಾಕು.

"ಪಾಲಾಕ್ಷಣ್ಣ, ಮೇಲಿಂದ ಪಂಪು ಬಿಡು, ಬೇಡ ಅನ್ನಲ್ಲ. ಎಲೆ ಅಡಿಕೆ ಮಾತ್ರ ಉಗುಳಬೇಡ," ಎಂದು ಹೇಳಿ ರುದ್ರಮುನಿ ಏಣಿ ಇಳಿದ.

ಪಾಲಾಕ್ಷ ಹೊಂಗೆ ಮರದ ಕೆಳಗೆ ಕೂತಿದ್ದ ಗುರುವಿನ ಬಳಿಗೆ ಬಂದ. ಇದೊಂದು ಸಲ ನೀವೇ ಸೆಟ್ ಹಿಡಿಯಿರಿ ಎಂದು ಕೇಳಿಕೊಂಡ.

"ಕರಾರಿನಲ್ಲಿ ನನ್ನ ಹೆಸರಿದೆಯಾ?"

ಇಲ್ಲ ಎಂದ.

"ಹಾಗಾದರೆ ಹೋಗು."

ಪಾಲಾಕ್ಷ, ಜಬಿವುಲ್ಲಾ ಇಬ್ಬರೂ ಬ್ಯಾಟರಿ ನೋಡಿದರು, ತುಂಬಿತ್ತು. ಚಾನೆಲ್, ಕೋಡ್ ನೋಡಿದರು. ಪಾಲಾಕ್ಷ ಕರೆದ, ಜಬಿವುಲ್ಲಾ ಕೇಳಿಸಿತು ಎಂದ. ಜಬಿವುಲ್ಲಾ ಕರೆದ, ಪಾಲಾಕ್ಷ ಕೇಳಿಸಿತು ಎಂದ. ಪಾಲಾಕ್ಷ ಸೆಟ್ಟಿನ ದಾರವನ್ನು ಕೊರಳಿಗೆ ಹಾಕಿಕೊಂಡು ಬಾವಿಯ ಕಂಬಿಯ ಬಳಿ ನಿಂತ.

"ಜಬಿ, ಇಳಿಸು… ಇಳಿಸು… ಇಳಿಸು…"

ಗೋಡೆ ದಾಟಿ ಬಾವಿಯ ಬಾಯಿಗೆ ಬಂದು ನಿಂತಿದ್ದ ಪಂಪು ಒಳಗಿಳಿಯಿತು. ಎರಡೂ ಕಡೆ ಒಂದು ಗೇಣು ಜಾಗ. ಹತ್ತು ಅಡಿ. ಇಪ್ಪತ್ತು ಅಡಿ. ಪಾಲಾಕ್ಷನ ದನಿ ಒಂದೇ ಸಮನೆ ಹೋಗುತ್ತಿತ್ತು. ಜನ ಮೊದಲು ನಕ್ಕರು, ಆಮೇಲೆ ಸುಮ್ಮನಾದರು, ಕೊನೆಗೆ ಮುಂದಿನ ಸಾಲಿನ ನಾಲ್ಕಾರು ಜನ ತಮಗೇ ಗೊತ್ತಿಲ್ಲದೆ ಅವನ ಜೊತೆ ತುಟಿ ಆಡಿಸುತ್ತಿದ್ದರು.

ಐವತ್ತು ಅಡಿ ದಾಟಿತು.

ಕೆಳಗೆ ರುದ್ರಮುನಿಯ ಹಗ್ಗ ಏಣಿಯ ಮೆಟ್ಟಿಲಿಗೆ ಸಿಕ್ಕಿಕೊಂಡಿತು. ಎರಡು ಸಲ ಜಗ್ಗಿದ, ಬರಲಿಲ್ಲ. ಬಿಡಿಸಲೆಂದು ಗೂಡಿನಿಂದ ಹೊರಗೆ ಬಂದ. ಮೇಲಿನಿಂದ ನೋಡುತ್ತಿದ್ದ ಪಾಲಾಕ್ಷನಿಗೆ ಪಂಪಿನ ಅಂಚಿನ ಕೆಳಗೆ ಹಳದಿ ಹೆಲ್ಮೆಟ್ ಒಂದು ಜಾರಿ ಹೋದದ್ದು ಕಂಡಿತು.

ಪಾಲಾಕ್ಷ ನಿಲ್ಲಿಸು ಎಂದು ಕಿರುಚಿದ. ಅವನ ಗಂಟಲು ಹರಿದುಹೋಗುವಂತೆ ಕಿರುಚಿದ.

ಪಂಪು ನಿಂತಿತು.

ರುದ್ರಮುನಿ ತಲೆ ಎತ್ತಿದ. ಹೆಲ್ಮೆಟ್ಟಿಗೂ ಪಂಪಿನ ಅಡಿಗೂ ಒಂದು ಮೊಳ ಇತ್ತು. ಅವನು ಮೆಲ್ಲಗೆ ಹಗ್ಗ ಬಿಡಿಸಿಕೊಂಡ, ಹಿಂದೆ ಹಿಂದೆ ಸರಿದು ಗೂಡು ಸೇರಿದ, ಇನ್ನು ಇಳಿಸಬಹುದು ಎಂಬಂತೆ ಟಾರ್ಚನ್ನು ಎರಡು ಸಲ ಆಡಿಸಿದ.

ಪಾಲಾಕ್ಷ ಉಸಿರು ಹಿಡಿದು, ಗುಂಡಿ ಒತ್ತಿ, ಮತ್ತೆ ಶುರು ಮಾಡಿದ.

"ಜಬಿ, ಇಳಿಸು… ಇಳಿಸು…"

ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಪಂಪು ತಳ ಮುಟ್ಟಿತು. ಎಂಟು ಬೋಲ್ಟುಗಳೂ ಎಂಟು ತೂತುಗಳಲ್ಲಿ ಒಂದೇ ಸಲಕ್ಕೆ ಕೂತವು. ಎಲ್ಲಿಯೂ ಒಂದು ಗೀರಿಲ್ಲ. ರುದ್ರಮುನಿಯ ಟಾರ್ಚ್ ಕೆಳಗಿನಿಂದ ಗಿರಗಿರ ತಿರುಗಿತು. ದಂಡೆಯ ಮೇಲೆ ಎದ್ದ ಕೇಕೆಗೆ ಆಚೆ ದಡದ ಬೆಳ್ಳಕ್ಕಿಗಳೆಲ್ಲ ಹಾರಿದವು. ಯಾರೋ ಜಬಿವುಲ್ಲಾನನ್ನು ಕ್ಯಾಬಿನ್ನಿನಿಂದ ಇಳಿಸಿ ಹೆಗಲ ಮೇಲೆ ಕೂರಿಸಿಕೊಂಡರು. ಕಾರಿನಲ್ಲಿದ್ದ ಮನುಷ್ಯ ಕಾರು ತಿರುಗಿಸಿದ.

ಇಂಜಿನಿಯರ್ ಮೇಡಂ ಅಲ್ಲಿಯೇ ತಮ್ಮ ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ಉಳಿದ ಐದು ಬಾವಿಗಳನ್ನೂ ಪಾಲಾಕ್ಷನ ಹೆಸರಿಗೆ ಬರೆದುಕೊಟ್ಟರು. ಬಾವಿಗೆ ಎರಡೂ ಮುಕ್ಕಾಲು ಲಕ್ಷಕ್ಕೆ ಮಾಡಿ ಎಂದರು. ಪಾಲಾಕ್ಷ ಮೂರಕ್ಕಿಂತ ಒಂದು ಪೈಸೆ ಇಳಿಯಲಿಲ್ಲ. ಅವರೂ ಹೆಚ್ಚು ಎಳೆದಾಡಲಿಲ್ಲ.

ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಅವನು ಜಬಿವುಲ್ಲಾನನ್ನು ತಬ್ಬಿಕೊಂಡ. ನಿಲ್ಲಿಸು ಎಂದು ನಾನು ಕಿರುಚಿದ ಕೂಡಲೇ ನಿಲ್ಲಿಸಿದೆಯಲ್ಲ, ನಿನ್ನ ಕಿವಿಗೆ ಚಿನ್ನದ ಕಡಕು ಹಾಕಿಸಬೇಕು ಎಂದ.

ಜಬಿವುಲ್ಲಾ ಅವನ ಮುಖ ನೋಡಿದ.

"ನೀವು ಯಾವಾಗ ಕಿರುಚಿದಿರಿ ಅಣ್ಣ? ಇಂಜಿನ್ ಸದ್ದಿನಲ್ಲಿ ನನಗೇನು ಕೇಳುತ್ತೆ? ಸೆಟ್ ಸುಮ್ಮನಾಯಿತು. ನಾನು ಬ್ರೇಕ್ ಹಾಕಿದೆ."

ಪಾಲಾಕ್ಷನಿಗೆ ಆಗ ನೆನಪಾಯಿತು. ಹೆಲ್ಮೆಟ್ ಕಂಡ ಆ ಗಳಿಗೆಯಲ್ಲಿ ಅವನು ಎರಡೂ ಕೈಯಿಂದ ಕಂಬಿ ಹಿಡಿದುಕೊಂಡಿದ್ದ. ಸೆಟ್ ಕೊರಳಲ್ಲಿ ನೇತಾಡುತ್ತಿತ್ತು. ಗುಂಡಿಯ ಮೇಲೆ ಬೆರಳೇ ಇರಲಿಲ್ಲ.

ಅವನು ಹೊಂಗೆ ಮರದ ಕೆಳಗೆ ಬಂದು ಗುರುವಿನ ಎದುರು ಕೂತ. ನಡೆದದ್ದನ್ನು ಒಂದೂ ಬಿಡದೆ ಹೇಳಿದ.

"ಅಷ್ಟೂ ಮಾತು ತಲುಪಿತು ಗುರುಗಳೇ. ಬೇಕಾಗಿದ್ದ ಒಂದು ಮಾತು, ಅದೇ ಹೋಗಲಿಲ್ಲ. ಇದನ್ನು ಗೆದ್ದೆ ಅಂತ ಹೇಳಿಕೊಳ್ಳಲಾ?"

ಗುರು ಪಂಪ್‌ಹೌಸಿನ ಬಾಗಿಲ ಕಡೆ ನೋಡುತ್ತಿದ್ದರು. ಗ್ರೀಸ್ ಮೆತ್ತಿದ ಕೈಗಳನ್ನು ಚಿಂದಿ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ರುದ್ರಮುನಿ ಹೊರಗೆ ಬರುತ್ತಿದ್ದ.

"ಬಾವಿಗೆ ಇಳಿದವರು ಎಷ್ಟು ಜನ?"

"ಒಬ್ಬ."

"ಹತ್ತಿ ಬಂದವರು?"

"ಒಬ್ಬ."

"ಲೆಕ್ಕ ತಾಳೆಯಾಯಿತು. ಇನ್ನು ಹೋಗಿ ದುಡ್ಡು ಎಣಿಸಿಕೋ."